ಚೀಲದಲ್ಲಿ ಇನ್ನೊಂದು ಸೀರೆ

ಮತ್ತೆ ಕರೆದರು. ನಾನು ಪುಸ್ತಕ ಹಿಡಿದು ಕೂತರೆ ಸಾಕು, ಈ ಮನೆಯಲ್ಲಿ ಎಲ್ಲರಿಗೂ ಏನಾದರೊಂದು ಕಾಣೆಯಾಗುತ್ತದೆ. ಗಂಡನಿಗೆ ಕಾಲುಚೀಲ, ಅತ್ತೆಗೆ ಹಣೆಯ ಮೇಲೇ ಇರುವ ಕನ್ನಡಕ, ಗ್ಯಾಸಿನವನಿಗೆ ನಮ್ಮ ಮನೆ. ಟೀವಿ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ಒಬ್ಬರೂ ಕರೆಯುವುದಿಲ್ಲ.

ಹತ್ತನೇ ಕ್ಲಾಸಿಗೆ ನಿಂತ ನನ್ನ ಓದು ಈಗ ಮೂರನೇ ಕ್ಲಾಸಿನ ಮಗಳ ನೆಪದಲ್ಲಿ ಮತ್ತೆ ಶುರುವಾಗಿದೆ. ದಟ್ಟಗಳ್ಳಿಯ ನಮ್ಮ ಬಡಾವಣೆ ಸಂಘದವರು ಪಾರ್ಕಿನಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಸಮಾನತೆಗಾಗಿ ಹೋರಾಡಿದವರ ವೇಷ ಹಾಕಿಕೊಂಡು ಮಕ್ಕಳು ನಾಲ್ಕು ಮಾತು ಹೇಳಬೇಕು. ಮಗಳು ಆರಿಸಿಕೊಂಡದ್ದು ಹುಡುಗಿಯರಿಗಾಗಿ ಶಾಲೆ ತೆರೆದ ಆ ಮೇಷ್ಟ್ರಮ್ಮನನ್ನು. ಪಾಠ ಹೇಳಲು ಹೊರಟರೆ ದಾರಿಯಲ್ಲಿ ಜನ ಸಗಣಿ ಎಸೆಯುತ್ತಿದ್ದರಂತೆ. ಅದಕ್ಕೇ ಆಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೋಗುತ್ತಿದ್ದರಂತೆ. ಹೆಸರು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಮಕ್ಕಳನ್ನು ಕೇಳಿ.

"ನಾನು ಸಗಣಿ ವಿಷಯ ಹೇಳಲೇಬೇಕು ಕಣಮ್ಮ" ಎಂದು ಮಗಳ ಹಟ. "ಹೇಳುವೆಯಂತೆ" ಎಂದು ನಾನೂ ಮಾತು ಕೊಟ್ಟೆ. ಪಂಚಾಯಿತಿಯೆಲ್ಲ ಶುರುವಾದದ್ದು ಅಲ್ಲಿಂದ.

ಬಾಡಿಗೆ ವೇಷ

ವೇಷದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆವು. ಗೋಡೆ ತುಂಬ ಕಿರೀಟ, ಗದೆ, ಪೇಟ. ಮೀಸೆಗಳಿಗೇ ಒಂದು ಡಬ್ಬ.

"ಸಮಾನತೆಗೆ ಹೋರಾಡಿದ ಹೆಂಗಸಿನ ವೇಷ ಕೊಡಿ" ಎಂದೆ.

"ರಾಣಿ ಇದಾರೆ ಮೇಡಂ. ಕತ್ತಿ, ಗುರಾಣಿ ಎಲ್ಲಾ ಸೇರಿ."

"ಕತ್ತಿ ಹಿಡಿದೋರಲ್ಲ ಕಣ್ರೀ, ಪುಸ್ತಕ ಹಿಡಿದೋರು."

"ಹಂಗನ್ನಿ ಮತ್ತೆ! ಸರಸ್ವತಿ ಕೊಡ್ತೀನಿ."

"ದೇವರಲ್ಲ. ನನ್ನ ಥರಾ ಸೀರೆ ಉಟ್ಟ ಹೆಂಗಸು. ಮೇಷ್ಟ್ರಮ್ಮ."

ಮೀಸೆಯಲ್ಲಿ ಹತ್ತು ನಮೂನೆ ಇಟ್ಟವನ ಹತ್ತಿರ ಓದಿದ ಹೆಂಗಸು ಒಬ್ಬಳೂ ಇರಲಿಲ್ಲ. ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ.

"ಬರೀ ಸೀರೆ ಉಟ್ಕೊಂಡು ನಿಂತ್ರೆ ಯಾರು ಮೇಡಂ ಚಪ್ಪಾಳೆ ತಟ್ಟೋರು? ಸರಸ್ವತಿನೇ ತಗೊಂಡ್ಹೋಗಿ. ವೀಣೆ ಫ್ರೀ."

ಯಾರ ಪೈಕಿ

ನನ್ನ ಹಳೇ ಸೀರೆಯನ್ನೇ ಕತ್ತರಿಸಿ ಮಗಳ ಅಳತೆಗೆ ಹೊಲಿಯುತ್ತಿದ್ದೆ. ಕೆಳಗಿನ ಮನೆಯಿಂದ ಓನರ್ ಆಂಟಿ ಬಂದರು. ಯಾಕೆ ಏನು ಎಂದು ಕೇಳಿದರು, ಕತೆಯೆಲ್ಲ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡರು. ಪರವಾಗಿಲ್ಲ, ಒಂದು ಕಲ್ಲಾದರೂ ಕರಗಿತು ಎಂದುಕೊಂಡೆ. ಅಷ್ಟರಲ್ಲಿ ದನಿ ತಗ್ಗಿಸಿ, "ಅವರು ಯಾರ ಪೈಕಿ?" ಎಂದರು.

"ಜಾತಿ ಬೇಡ ಅಂತ ಜನ್ಮ ಪೂರ್ತಿ ಬಡಿದಾಡಿದೋರ ಜಾತಿ ಕೇಳ್ತೀರಲ್ಲ ಆಂಟಿ!"

"ಅಯ್ಯೋ, ನಾನು ಅಂಥೋಳಲ್ಲಮ್ಮ. ಸುಮ್ನೆ ತಿಳ್ಕೊಳ್ಳೋಣ ಅಂತ." ಹತ್ತಿರಕ್ಕೆ ಸರಿದು, "ಈಗ ಅವರಿಲ್ಲ ತಾನೆ?"

"ತೀರಿಕೊಂಡು ಎಷ್ಟೋ ಕಾಲ ಆಯ್ತು."

"ಹಂಗಾದ್ರೆ ಯಾರಾದ್ರೇನು ಬಿಡಮ್ಮ" ಎಂದು ಆಂಟಿ ನಿಟ್ಟುಸಿರು ಬಿಟ್ಟರು. "ಮನೆ ಬಾಡಿಗೆಗೇನೂ ಬರಲ್ವಲ್ಲ."

ರಿಹರ್ಸಲ್

ಸಂಘದ ಅಧ್ಯಕ್ಷರು ದೊಡ್ಡ ಕೆಲಸದಿಂದ ರಿಟೈರಾದವರು. ಮಕ್ಕಳನ್ನೆಲ್ಲ ತಮ್ಮ ವರಾಂಡಕ್ಕೆ ಕರೆಸಿ ಒಬ್ಬೊಬ್ಬರ ಮಾತೂ ಕೇಳಿದರು.

"ಚೆನ್ನಾಗಿದೆ ಪುಟ್ಟಿ. ಆ ಸಗಣಿ ಒಂದು ತೆಗೆದುಬಿಡು."

"ಯಾಕೆ ಸಾರ್?" ಎಂದೆ.

"ಆಮೇಲೆ ತಿಂಡಿ ಇದೆಯಲ್ಲಮ್ಮ. ಕೆಲವರು ಸ್ವಲ್ಪ ತೊಂದರೆ ಕೊಟ್ಟರು ಅಂತ ಹೇಳಿಸು, ಸಾಕು. ಇಲ್ಲಾಂದ್ರೆ ಬೇರೆ ವೇಷ ಹಾಕ್ಸು."

"ಎಸೆದೋರಿಗೆ ಇಲ್ಲದ ನಾಚಿಕೆ ಹೇಳೋರಿಗೆ ಯಾಕೆ ಸಾರ್?"

ಅವರು ಕೇಳಿಸದವರ ಹಾಗೆ ಫ್ಯಾನು ನೋಡಿದರು. ಮಗಳು ಬಿಡಬೇಕಲ್ಲ.

"ತಾತ, ಸಗಣಿ ಎಸೀಲಿಲ್ಲ ಅಂದ್ರೆ ಚೀಲದಲ್ಲಿ ಇನ್ನೊಂದು ಸೀರೆ ಯಾಕೆ?"

ಅಧ್ಯಕ್ಷರು ಗಂಭೀರವಾಗಿ ಯೋಚಿಸಿದರು.

"ಮಳೆಗಾಲ ಅನ್ನು."

ಪಾರ್ಕಿನಲ್ಲಿ

ಸಮಾನತೆಯ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಮುಂದಿನ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಉಪ್ಪಿಟ್ಟಿನ ಪಾತ್ರೆಯ ಹತ್ತಿರ ನಾವು. "ನಿನಗೆ ಯಾವುದು ನಿಜ ಅನ್ಸುತ್ತೋ ಅದನ್ನೇ ಹೇಳು" ಎಂದು ಮಗಳನ್ನು ಕಳಿಸಿದೆ.

ಹೋಗಿ ನಿಂತಳು. ಎಲ್ಲವನ್ನೂ ಹೇಳಿದಳು. "ಜನ ಸಗಣಿ ಎಸೆದರು. ಆಗ ಮಳೆಗಾಲ ಅಲ್ಲ" ಎಂದೂ ಸೇರಿಸಿದಳು.

ಅಧ್ಯಕ್ಷರು ಎದ್ದು ಓಡಿಬಂದು ಮೈಕಿಗೆ ಬಾಗಿದರು. "ಇದೆಲ್ಲ ಎಲ್ಲೋ ದೂರದ ಮಾತು ಮಕ್ಕಳೇ. ನಮ್ಮ ಅಜ್ಜಿ ತಾತ ಯಾರಿಗೂ ಭೇದ ಮಾಡಿದೋರಲ್ಲ."

"ನಮ್ಮ ತಾತನೂ ಅಷ್ಟೇ, ದೇವರಂಥೋರು" ಎಂದಿತು ಒಂದು ಕುರ್ಚಿ.

"ನಮ್ಮಜ್ಜಿ ಎಲ್ಲರಿಗೂ ಒಂದೇ ಪಂಕ್ತಿ ಹಾಕೋರು" ಎಂದಿತು ಇನ್ನೊಂದು.

"ನಮ್ಮನೇಲೂ ಅಂಥದ್ದೇನಿಲ್ಲಪ್ಪ" ಎಂದು ನನ್ನ ಪಕ್ಕದಿಂದಲೇ ಓನರ್ ಆಂಟಿ ಕೂಗಿದರು. ಎಲ್ಲರೂ ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು.

ಮಗಳು ಇಳಿಯಲಿಲ್ಲ. ಚೀಲ ಅವಚಿಕೊಂಡು ಆ ಕುರ್ಚಿಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಆಮೇಲೆ ಹಿಂದೆ ನಿಂತಿದ್ದ ನನ್ನನ್ನು ಹುಡುಕಿ, ಮೈಕಿನಲ್ಲೇ ಕೇಳಿದಳು. ಪಾರ್ಕಿಗೆ ಪಾರ್ಕೇ ನನ್ನ ಕಡೆ ತಿರುಗಿತು. ನನ್ನ ಕೈಯಲ್ಲಿ ಉಪ್ಪಿಟ್ಟಿನ ಸೌಟು.

"ಅಮ್ಮಾ, ಎಲ್ಲರ ಅಜ್ಜಿ ತಾತನೂ ಒಳ್ಳೆಯೋರೇ ಆಗಿದ್ರೆ, ಸಗಣಿ ಎಸೆದೋರು ಯಾರ ಅಜ್ಜಿ ತಾತ?"