ದೊಡ್ಡವ್ವ, ಒಂದೇ ಕೂಲರು ಮತ್ತು ಪ್ರತಿಹೈಡ್ರೋಜನ್

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನನ್ನ ಅನುಭವ ಬೇರೆ. ಬರೆದಾಯಿತಲ್ಲ ಎಂದು ತಲೆ ಅದನ್ನು ಅಲ್ಲಿಗೇ ಕೈಬಿಡುತ್ತದೆ. ಬರೆಯದೆ ಉಳಿದದ್ದನ್ನು ತನಗೆ ಅನುಕೂಲವಾಗುವಂತೆ ಹೊಲಿದುಕೊಳ್ಳುತ್ತದೆ. ದೇವದುರ್ಗದ ದೊಡ್ಡವ್ವ ನಮ್ಮ ಮನೆಗೆ ಬಂದದ್ದು ಬುಧವಾರವೋ ಗುರುವಾರವೋ ಆಣೆ ಮಾಡಿ ಹೇಳಲಾರೆ. ಮನೆಯಲ್ಲಿ ಕೂಲರು ಒಂದೇ ಇತ್ತು ಎಂಬುದು ಮಾತ್ರ ಖಚಿತ.

ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಪ್ರತಿಹೈಡ್ರೋಜನ್ ಮೇಲೆ ಸಂಶೋಧನೆ. ಮಾಮೂಲಿ ಹೈಡ್ರೋಜನ್ನಿನಂಥದೇ ಪರಮಾಣು, ಒಳಗಿನ ವಿದ್ಯುದಂಶ ಮಾತ್ರ ಅದಲುಬದಲು. ಅದು ಮಾಮೂಲಿ ವಸ್ತುವನ್ನು ಮುಟ್ಟಿತೋ, ಎರಡೂ ಮಾಯ. ಹಾಗಾಗಿ ಯಾವ ಪಾತ್ರೆಯಲ್ಲೂ ಇಡುವಂತಿಲ್ಲ. ಆಯಸ್ಕಾಂತಗಳಿಂದ ಕಾಣದ ಬಾವಿಯೊಂದನ್ನು ಮಾಡಿ, ಗೋಡೆಗೆ ತಾಗದಂತೆ ನಡುವೆ ಇಟ್ಟುಕೊಳ್ಳಬೇಕು. ಬಾವಿಗೆ ಆಳ ಕಡಿಮೆ. ಪರಮಾಣು ತುಸು ಬೆಚ್ಚಗಾದರೂ ಹಾರಿಹೋಗುತ್ತದೆ. ನಿಜವಾದವನ್ನು ಹಿಡಿಯುವವರು ದೂರದ ದೇಶದಲ್ಲಿದ್ದಾರೆ. ನನ್ನಂಥವರು ಕಂಪ್ಯೂಟರಿನೊಳಗೇ ಅಂಥವನ್ನು ಸಾವಿರಗಟ್ಟಲೆ ಹುಟ್ಟಿಸಿ, ಬಾವಿಯಲ್ಲಿ ಬಿಟ್ಟು, ಆಯಸ್ಕಾಂತದ ಬಲ ಇಳಿಸುತ್ತ, ಯಾವುದು ಎಲ್ಲಿ ಗೋಡೆಗೆ ತಾಗಿತು ಎಂದು ಲೆಕ್ಕ ಹಾಕುತ್ತೇವೆ. ಪರಮಾಣುಗಳಿಗೆ ಜಗತ್ತಿನಲ್ಲೇ ಇಲ್ಲದಷ್ಟು ಚಳಿ. ಅವುಗಳ ಲೆಕ್ಕ ಮಾಡುವ ಯಂತ್ರಕ್ಕೆ ರಾಯಚೂರಿನ ಮೇ ತಿಂಗಳು. ಹೆಚ್ಚು ಕಾದರೆ ಅದು ಹೇಳದೆ ಕೇಳದೆ ನಿಂತುಬಿಡುತ್ತದೆ.

ಸೋಮವಾರ ಮಾರ್ಗದರ್ಶಕರ ಮುಂದೆ ಫಲಿತಾಂಶ ಇಡದಿದ್ದರೆ ನನ್ನ ಪಿಎಚ್.ಡಿ. ಇನ್ನೊಂದು ವರ್ಷ ಮುಂದೆ ಹೋಗುತ್ತಿತ್ತು. ಅದೇ ವಾರ ದೊಡ್ಡವ್ವ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ತಣ್ಣನೆಯ ಕೋಣೆ ಕೊಡುತ್ತೇನೆಂದು ನಾನೇ ಕರೆದಿದ್ದೆ. ಕೊನೆಗೆ ಕಂಪ್ಯೂಟರನ್ನೂ ಅವಳ ಕೋಣೆಗೇ ಸಾಗಿಸಿದೆ. ಮಂಚ ಒಂದು ಕಡೆ, ಮೇಜು ಒಂದು ಕಡೆ, ಎದುರಿಗೆ ಕೂಲರು. ಸಮಪಾಲು ಎಂದು ಬೀಗಿದೆ.

"ಒಳಗ ಏನ್ ಇಟ್ಟೀದಿ ಬೇ ಇದರಾಗ?" ದೊಡ್ಡವ್ವ ಕೇಳಿದಳು.

"ಭಾಳ ತಣ್ಣನ ಪರಮಾಣು ಅದಾವ ದೊಡ್ಡವ್ವ. ಬರ್ಫಕಿಂತ ತಣ್ಣಗ."

ಅವಳು ಕೈಚಾಚಿ ಕಂಪ್ಯೂಟರಿನ ಡಬ್ಬಿಯನ್ನು ಸವರಿ, ಬೆರಳು ಹಿಂದಕ್ಕೆ ತೆಗೆದುಕೊಂಡಳು. "ತಣ್ಣಗ ಅಂತಿ, ರೊಟ್ಟಿ ಹಂಚು ಸುಟ್ಟಂಗ ಸುಡಾಕತ್ತದಲ್ಲ. ಕಣ್ಣಿನ ಆಪರೇಷನ್ ನನಗೋ, ನಿನಗೋ?"

ಎರಡೇ ದಿನದಲ್ಲಿ ಅವಳಿಗೆ ಆ ಪರಮಾಣುಗಳ ಮೇಲೆ ಮನೆಯವರ ಮೇಲಿರುವಂಥ ಅಕ್ಕರೆ ಹುಟ್ಟಿತು. ನಾನು ಕಾಲೇಜಿನಿಂದ ಬಂದರೆ ಚಹಾಕ್ಕಿಂತ ಮುಂಚೆ, "ಇವತ್ತ ಎಷ್ಟ್ ಉಳದಾವ?" ಎಂದು ಕೇಳುವಳು. ಅವಳನ್ನು ನೋಡಲು ಮಾನ್ವಿಯಿಂದ ಬೀಗರು ಶರಣಪ್ಪ ಬಂದರು. ಬಾಳೆಹಣ್ಣು ಇಡಲು ಜಾಗ ಹುಡುಕಿ ಕಂಪ್ಯೂಟರಿನ ತಲೆಯ ಮೇಲೇ ಇಡಹೋದಾಗ ದೊಡ್ಡವ್ವ ತಡೆದಳು.

"ಅಲ್ಲಿ ಬ್ಯಾಡ್ರಿ ಬೀಗರ. ಒಳಗ ಜೀವ ಅದಾವ. ಗ್ವಾಡಿಗಿ ತಾಗಿದ್ರ ಹೋಗಿಬಿಡ್ತಾವ."

"ಹೌದ್ರಿ?" ಶರಣಪ್ಪ ಹಣ್ಣು ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡಿದರು. "ಏನೂ ಕಾಣವಲ್ವಲ್ರಿ."

"ನನಗೂ ಕಾಣಂಗಿಲ್ಲ. ನಿಮಗೇನ್ ಆಗ್ಯದ, ನಿಮ್ಮ ಕಣ್ಣು ಛಲೋ ಅದಾವಲ್ಲ."

ಅವರು ಹೋಗುವವರೆಗೂ ಪಿಸುಮಾತಿನಲ್ಲೇ ಮಾತಾಡಿದರು.

ಇನ್ನು ನನ್ನ ಸಮಪಾಲಿನ ಮಾತು. ಕೋಣೆಗೆ ಹೋದಾಗ ನಾನು ಕೂಲರಿನ ಮುಖವನ್ನು ಕಂಪ್ಯೂಟರಿನ ಕಡೆ ಒಂದಿಷ್ಟೇ ತಿರುಗಿಸುತ್ತಿದ್ದೆ. ಒಂದೆರಡು ಸಲ ಇರಬೇಕೆಂದು ನನ್ನ ನೆನಪು. ಆದರೆ ಶನಿವಾರದ ಹೊತ್ತಿಗೆ ಅದರ ಗಾಳಿಯೆಲ್ಲ ಮೇಜಿನ ಮೇಲೇ ಬೀಳುತ್ತಿತ್ತಾದ್ದರಿಂದ ನೆನಪನ್ನು ನಂಬುವುದು ಕಷ್ಟ.

ಅಂದು ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡುತ್ತೇನೆ, ಪರದೆ ಕಪ್ಪಗಿದೆ. ಕೂಲರು ಮಂಚದ ಕಡೆ ನೋಡುತ್ತಿದೆ. ದೊಡ್ಡವ್ವ ನೆಮ್ಮದಿಯಿಂದ ಮಲಗಿದ್ದಾಳೆ.

"ದೊಡ್ಡವ್ವ, ಕರೆಂಟ್ ಹೋಗಿತ್ತೇನು?"

"ಇಲ್ಲವಾ. ನಾನ ಆರಿಸೀನಿ. ಬುಸುಗುಟ್ಟಾಕತ್ತಿತ್ತು, ಪಾಪ. ಎತ್ತಿಗಾದ್ರೂ ಮಧ್ಯಾಹ್ನ ಕೊಳ್ಳ ಹರೀತೀವಿ, ನೆಳ್ಳಿಗಿ ಕಟ್ಟತೀವಿ. ನೀ ಮೂರ್ ದಿನದಿಂದ ಅದನ್ನ ಒಂದ ಸಮ ಹೂಡೀದಿ. ಜಳ ಇಳದ ಮ್ಯಾಲ ಮತ್ತ ಹೂಡು."

ಬೇಸಿಗೆಯ ನೆತ್ತಿ ಹೊತ್ತಿಗೆ ನೊಗ ಇಳಿಸುವುದು ನಮ್ಮ ಸೀಮೆಯಲ್ಲಿ ಮರ್ಯಾದೆಯ ಮಾತು. ಅದಕ್ಕೆ ತಲೆಬಾಗಿ ಜಳ ಇಳಿಯುವವರೆಗೆ ಕಾಯಲು ಕೂತೆ. ನನಗಿದ್ದ ಚಿಂತೆ ಒಂದೇ: ಲೆಕ್ಕವನ್ನು ಆಗಾಗ ಉಳಿಸಿಡು ಎಂಬ ಆದೇಶವನ್ನು ಕಂಪ್ಯೂಟರಿಗೆ ಬರೆದಿದ್ದೆನೋ, ಬರೆಯಬೇಕು ಅಂದುಕೊಂಡು ಬಿಟ್ಟಿದ್ದೆನೋ? ಎರಡೂ ಅಷ್ಟೇ ಸ್ಪಷ್ಟವಾಗಿ ನೆನಪಾಗುತ್ತಿದ್ದವು. ಸಂಜೆ ಜಳ ಇಳಿದ ಮೇಲೆ, ದೊಡ್ಡವ್ವನ ಅಪ್ಪಣೆ ಪಡೆದೇ, ಗುಂಡಿ ಒತ್ತಿದೆ. ಬರೆದಿದ್ದೆ. ಬೆಳಗಿನವರೆಗಿನ ಪರಮಾಣುಗಳೆಲ್ಲ ಬಾವಿಯಲ್ಲಿ ಸುರಕ್ಷಿತವಾಗಿದ್ದವು.

ದೊಡ್ಡವ್ವ ತಾನಾಗಿಯೇ ತಲೆದಿಂಬು ತೆಗೆದುಕೊಂಡು ಪಡಸಾಲೆಗೆ ಹೋದಳು. "ಗಾಳಿ ಎಲ್ಲಾ ಅದಕ್ಕ ಹಚ್ಚು. ಹೊರಗ ತಂಪಾಗ್ಯದ," ಎಂದಳು. ಹೊರಗೆ ತಂಪಾಗಿರಲಿಲ್ಲ. ಭಾನುವಾರ ಸಂಜೆ ಲೆಕ್ಕ ಮುಗಿಯಿತು. ಸೋಮವಾರ ಮಾರ್ಗದರ್ಶಕರು ಚಿತ್ರಗಳನ್ನು ನೋಡಿ ಒಮ್ಮೆ ತಲೆಯಾಡಿಸಿದರು. ಅವರ ಮಟ್ಟಿಗೆ ಅದು ಹಾರ ಹಾಕಿದ ಹಾಗೆ.

ದೊಡ್ಡವ್ವ ಈಗ ದೇವದುರ್ಗದಲ್ಲಿ ಸೂಜಿಗೆ ತಾನೇ ದಾರ ಪೋಣಿಸುತ್ತಾಳಂತೆ. ಮೊನ್ನೆ ಫೋನಿನಲ್ಲಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ:

"ದೊಡ್ಡವ್ವ, ಖರೇ ಹೇಳು. ಅವತ್ತ ನೀ ಅದನ್ನ ಆರಿಸಿದ್ದು ಅದು ದಣದಿತ್ತಂತನೋ, ಇಲ್ಲಾ ನಾ ಕೂಲರ್ ತಿರುವೋದು ನಿನಗ ಗೊತ್ತಾಗಿತ್ತಂತನೋ?"

ಅದಕ್ಕೆ ಅವಳು, ರಾಯಚೂರಿನಲ್ಲಿ ಮಳೆ ಬಂತೇ ಎಂದು ವಿಚಾರಿಸಿದಳು.