ಇಡೀ ಗುಂಡಿಗೆ

"ಕೊಯ್ಯಬ್ಯಾಡ್ರಿ ಚಾಚಾ!" ಪಂಪಾಪತಿ ಕೂಗಿದ.

ಅಮೀರ್ ಸಾಬರ ಚೂರಿ ಕುರಿಯ ಗುಂಡಿಗೆಯ ಮೇಲೆ ಗಾಳಿಯಲ್ಲೇ ನಿಂತಿತು. "ಸೀಳಿ ಒಳಗಿನ ರಕ್ತ ತೊಳೀದೆ ಯಾರು ತಿಂತಾರೋ ತಮ್ಮಾ?"

"ತಿನ್ನಾಕಲ್ರಿ. ಇಡೀದೇ ಬೇಕು. ಮ್ಯಾಲಿನ ಕೊಳವಿನೂ ಉದ್ದಕ ಇರ್ಲಿ."

ಸಾಬರು ಅವನ ಕೊರಳಲ್ಲಿ ಇಣುಕುತ್ತಿದ್ದ ಲಿಂಗದ ದಾರ ನೋಡಿದರು, ಗುಂಡಿಗೆ ನೋಡಿದರು. "ತಿನ್ನಾಕಲ್ಲ ಅಂದ್ರ ಯಾರ ಮ್ಯಾಲ ಮಾಟ ಮಾಡಸಾಕತ್ತಿ?"

"ನರ್ಸಿಂಗ್ ಓದಾಕತ್ತೀನ್ರಿ. ನಾಳೆ ಗುಂಡಿಗಿದೇ ಪರೀಕ್ಷಾ."

"ಹ್ಞೂಂ, ಹ್ಞೂಂ," ಎಂದರು ಸಾಬರು, ಪೊಲೀಸಪ್ಪ ಕಳ್ಳನ ಮಾತು ಕೇಳುವ ಹಾಗೆ.

ಖೀಮಾಕ್ಕೆ ಕಾದು ನಿಂತಿದ್ದ, ಪಂಪಾಪತಿಯ ನೆರೆಮನೆಯ ಪಕೀರಮ್ಮ ಖೀಮಾ ಬಿಟ್ಟೇ ಆಟೋ ಹತ್ತಿದಳು. ಗುಂಡಿಗೆಯನ್ನು ಬುತ್ತಿ ಡಬ್ಬಿಯಲ್ಲಿಟ್ಟುಕೊಂಡು ಪಂಪಾಪತಿ ನಡೆದು ಹೊರಟ.

ತೀನ್ ಕಂದೀಲ್ ವೃತ್ತದ ಅಂಗಡಿಯಿಂದ ಅವನು ಓಣಿ ಮುಟ್ಟುವಷ್ಟರಲ್ಲಿ ಮನೆಯೊಡತಿ ಶಿವಬಸಮ್ಮ ಕಟ್ಟೆಯ ಮೇಲಿದ್ದಳು; ಸುತ್ತ ಅರ್ಧ ಓಣಿ. ಅವಳ ಈ ಬಾಡಿಗೆ ಖೋಲಿ ಕೈತಪ್ಪಿದರೆ ದಿನಾ ತನ್ನೂರು ದೇವದುರ್ಗದಿಂದ ಬಸ್ಸಿಗೆ ಜೋತುಬಿದ್ದು ಕಾಲೇಜಿಗೆ ಬರಬೇಕು.

"ಡಬ್ಬಿ ತೆಗಿ."

"ಯವ್ವಾ, ಅದು ಓದಾಕ..."

"ಓದಾಕ ಪುಸ್ತಕ ಇರ್ತಾವ. ತೆಗಿ. ಒಳಗಲ್ಲ, ಆ ಗಟಾರದ ಕಲ್ಲಿನ ಮ್ಯಾಲ."

ತೆಗೆದ. ಓಣಿ ಒಂದು ಹೆಜ್ಜೆ ಹಿಂದೆ ಸರಿಯಿತು.

"ನಾ ಹೇಳಿಲ್ಲೇನು?" ಎಂದಳು ಪಕೀರಮ್ಮ. "ಅದನ್ನ ನೋಡಿದಾಗಿಂದ ನನ್ನ ಎದಿ ಡವಡವ ಅನ್ನಾಕತ್ತದ!"

"ಅನ್ನೋದು ನಿಂತ್ರ ಹೆದರ್ರಿ," ಎಂದ ಪಂಪಾಪತಿ. ಯಾರೂ ನಗಲಿಲ್ಲ.

ಚೊಂಬು ತಗೊಂಡು ಗುಂಡಿಗೆಯ ಮೇಲಿನ ಕೊಳವೆಯೊಳಗೆ ನೀರು ಹೊಯ್ದ. ನೀರು ಕೆಳಗಿಳಿಯದೆ ಅಲ್ಲೇ ನಿಂತಿತು. "ನೋಡ್ರಿ, ಒಳಗ ಬಾಗಲಾ ಅದ. ರಕ್ತ ಹೊರಗ ಹೋಗ್ತದ, ಹೊಳ್ಳಿ ಬರಂಗಿಲ್ಲ. ಸಾಬರು ಸೀಳಿದ್ರ ಇದು ಕಾಣ್ತಿದ್ದಿಲ್ಲ." ಆಮೇಲೆ ಬ್ಲೇಡಿನಿಂದ ಸೀಳಿ ನಾಲ್ಕು ಕೋಣೆ ಬಿಡಿಸಿದ. "ಈ ಕ್ವಾಣಿ ಪುಪ್ಪಸಕ್ಕ ಕಳಸ್ತದ, ಗೋಡಿ ತೆಳ್ಳಗ. ಇದು ಇಡೀ ಮೈಗೆ ಕಳಸ್ತದ, ಅದಕ್ಕ ದಪ್ಪ."

ನಾಳೆ ಪರೀಕ್ಷೆಯಲ್ಲೂ ಇಷ್ಟು ಚೆಂದ ಹೇಳುತ್ತಾನೋ ಇಲ್ಲವೋ. ಪಕೀರಮ್ಮ ಎದೆಯ ಡವಡವ ಮರೆತು ಬಗ್ಗಿ ನೋಡುತ್ತಿದ್ದಳು. ಶಿವಬಸಮ್ಮನ ಹುಬ್ಬಿನ ಗಂಟೂ ಸಡಿಲಿತು.

"ಅಂದ್ರ ಮಾಟ ಅಲ್ಲ?"

"ದೇವರಾಣಿ ಅಲ್ಲ!"

"ಬರೇ ಮಾಂಸ?"

"ಬರೇ ಮಾಂಸ ಯವ್ವಾ!"

"ಮಾಟ ಆಗಿದ್ರ ನಿಂಬಿಹಣ್ಣು ನಿವಾಳಿಸಿ ಒಗದು ಸುಮ್ನಾಗತಿದ್ದೆ. ಮಾಂಸ ತಂದೋನಿಗೆ ನನ್ನ ಮನ್ಯಾಗ ಖೋಲಿ ಇಲ್ಲ. ಗಂಟು ಕಟ್ಟು."

ಪಂಪಾಪತಿ ಅವಳ ಕಾಲ ಬಳಿ ಕುಸಿದ. "ಯವ್ವಾ, ಸುಳ್ಳು ಹೇಳಿದೆ! ಮಾಟನೇ ಇದು. ನಿಮ್ಮ ಮ್ಯಾಲೇ ಮಾಡ್ಸೀನಿ. ನಿಂಬಿಹಣ್ಣು ನಾನೇ ತರ್ತೀನಿ!"

"ಒಲ್ಲೆ," ಎಂದಳು ಶಿವಬಸಮ್ಮ.