ನಮ್ಮ ಭಾವನ ಎಚ್-ಇಂಡೆಕ್ಸ್

ಬೆಳಗ್ಗೆ ಎದ್ದ ಕೂಡಲೇ ಪ್ರಪಂಚದಲ್ಲಿ ಯಾರಾದರೂ ತನ್ನ ಹೆಸರೆತ್ತಿದ್ದಾರೆಯೇ ಎಂದು ಮೊಬೈಲಿನಲ್ಲಿ ಹುಡುಕಿ, ಯಾರೂ ಎತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಿಟ್ಟುಸಿರು ಬಿಟ್ಟು, ಆಮೇಲೆ ಹಲ್ಲುಜ್ಜುವ ಮನುಷ್ಯ ಇಡೀ ಬೀದರ್ ಶಹರದಲ್ಲಿ ಒಬ್ಬರೇ ಇದ್ದಾರೆ. ಅಂಥವರು ಹೋಗಿ ಹೋಗಿ ನಮ್ಮ ಅಕ್ಕನಿಗೇ ಗಂಟುಬೀಳಬೇಕೆ!

ಹೌದು, ನಮ್ಮ ಭಾವ. ಹುಟ್ಟೂರು ಕಮಠಾಣ, ಮನೆ ಬೀದರಿನಲ್ಲಿ, ಭೌತಶಾಸ್ತ್ರ ಕಲಿಸುವುದು ಭಾಲ್ಕಿಯ ಒಂದು ಕಾಲೇಜಿನಲ್ಲಿ. ಸಂಶೋಧನೆ ಮಾತ್ರ ಸೌರಫಲಕಕ್ಕೆ ಬೇಕಾಗುವ ಸಿಲಿಕಾನನ್ನು ಕರಗಿಸಿ ಹರಳುಗಟ್ಟಿಸುವ ಕುಲುಮೆಯ ಮೇಲೆ. ಅವರ ಹೆಂಡತಿಯ ಬೆನ್ನಿಗೆ ಬಿದ್ದ ತಂಗಿ ನಾನು. ಭಾವನನ್ನು ಗೇಲಿ ಮಾಡುವ ಪರವಾನಗಿ ನಮ್ಮ ಕಡೆ ಮದುವೆಯ ದಿನವೇ ಸಿಗುತ್ತದೆ, ಆದ್ದರಿಂದ ಓದುಗರು ನನ್ನ ಮೇಲೆ ಸಿಟ್ಟಾಗಬಾರದು.

ವಿದ್ವಾಂಸರ ತೂಕ ನೋಡಲು ಎಚ್-ಇಂಡೆಕ್ಸ್ ಎಂಬ ತಕ್ಕಡಿಯೊಂದಿದೆಯಂತೆ. ಬರೆದ ಲೇಖನಗಳಲ್ಲಿ ಐದನ್ನು ಕನಿಷ್ಠ ಐದೈದು ಸಲ ಬೇರೆಯವರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದ್ದರೆ ನಿಮ್ಮ ಇಂಡೆಕ್ಸ್ ಐದು. ಅಷ್ಟೇ. ಆದರೆ ಭಾವ ಈ ತಕ್ಕಡಿಯನ್ನು ಕಾಲೇಜಿನಲ್ಲೇ ಬಿಟ್ಟು ಬರುವವರೇ? ಸೀದಾ ಅಡುಗೆಮನೆಗೆ ತಂದರು.

"ನೋಡು, ನಿನ್ನ ಮೂರು ಪದಾರ್ಥ ಮೂರು ಮೂರು ಮಂದಿ ಹೊಗಳಿದ್ರ ನಿನ್ನ ಇಂಡೆಕ್ಸ್ ಮೂರು. ಆದ್ರ ಮನಿ ಮಂದಿ ಹೊಗಳಿದ್ದು ಲೆಕ್ಕಕ್ಕಿಲ್ಲ. ಅದು ತನ್ನ ಬೆನ್ನು ತಾನೇ ತಟ್ಟಿಕೊಂಡಂಗ. ಹೊರಗಿನವರೇ ಹೊಗಳಬೇಕು."

ಅಕ್ಕ ರೊಟ್ಟಿ ತಟ್ಟುವುದನ್ನು ಅಲ್ಲೇ ನಿಲ್ಲಿಸಿದಳು. "ಹಂಗಾದ್ರ ಇವತ್ತಿನಿಂದ ಹೊರಗಿನವರ ಮನ್ಯಾಗೇ ಉಣ್ರಿ," ಅಂದಳು. ಅಂದು ಸಂಜೆಯವರೆಗೂ ಭಾವನಿಗೆ ಬಾಳೆಹಣ್ಣೇ ಗತಿಯಾಯಿತು.

ಕುಲುಮೆಯೂ ಮನೆ ಹೊಕ್ಕಿತು. ಕರಗಿದ ಸಿಲಿಕಾನನ್ನು ತಳದಿಂದ ಮೇಲಕ್ಕೆ ನಿಧಾನವಾಗಿ ತಣಿಸಬೇಕಂತೆ. ಆಗ ಹೊಲಸೆಲ್ಲ ಮೇಲೆ ಬರುತ್ತದೆ, ಆ ನೆತ್ತಿ ಕೊಯ್ದು ಎಸೆದರೆ ಉಳಿದದ್ದು ಅಪ್ಪಟ. ಅಕ್ಕ ಶೇಂಗಾ ಚಿಕ್ಕಿಗೆ ಬೆಲ್ಲದ ಪಾಕ ಇಳಿಸಿದ್ದೇ ತಡ, ಭಾವ ಪಾತ್ರೆಯನ್ನು ಒದ್ದೆ ಗೋಣಿಚೀಲದ ಮೇಲಿಟ್ಟು, ಮೇಲೆ ಕೌದಿ ಹೊದಿಸಿ, ಜ್ವರ ಬಂದ ಕೂಸಿನ ಮುಂದೆ ಕುಳಿತ ಹಾಗೆ ಕಾವಲು ಕುಳಿತರು. ಮಧ್ಯಾಹ್ನ ಕೌದಿ ತೆಗೆದರೆ ಒಳಗಿದ್ದದ್ದು ಕೋಟೆ ಗೋಡೆಯ ಕಲ್ಲು! ಸುತ್ತಿಗೆಗೂ ಬಗ್ಗಲಿಲ್ಲ. ಅಕ್ಕ ಪಾತ್ರೆ ಸಮೇತ ಅವರ ಕೈಗಿಟ್ಟಳು. "ಮಾಳಿಗಿ ಮ್ಯಾಲ ಬಿಸಿಲಿಗಿ ಇಡ್ರಿ. ಕರೆಂಟರೆ ಬರ್ತದೇನೋ ನೋಡಮು."

ಇನ್ನು ಉಲ್ಲೇಖಗಳ ಸಂಪಾದನೆಯ ಕಥೆ. ನಮ್ಮಲ್ಲಿ ಮದುವೆಗೆ ಹೋದರೆ ಆಯಾರ ಮಾಡುತ್ತೇವೆ. ನೀವು ನಮಗೆ ಸೀರೆ ತಂದರೆ ನಾವು ನಿಮಗೆ ಸೀರೆ ಒಯ್ಯಬೇಕು. ವಿದ್ವಾಂಸರ ಲೋಕದಲ್ಲೂ ಇದೇ ಪದ್ಧತಿ ಎಂದು ಭಾವನಿಂದಲೇ ತಿಳಿಯಿತು. ಔರಾದಿನ ಕಾಲೇಜಿನಲ್ಲಿ ಅವರ ಗೆಳೆಯರೊಬ್ಬರಿದ್ದಾರೆ. ಇವರು ಅವರನ್ನು ಉಲ್ಲೇಖಿಸಬೇಕು, ಅವರು ಇವರನ್ನು. ಇಬ್ಬರೂ ಒಬ್ಬರನ್ನೊಬ್ಬರು ಹೊತ್ತು ಮೆರೆಸಿ, ವೇದಿಕೆಗಳಲ್ಲಿ ಒಬ್ಬರಿಗೊಬ್ಬರು ಶಾಲು ಹೊದಿಸಿ, 'ಅಂತರರಾಷ್ಟ್ರೀಯ ಖ್ಯಾತಿಯ' ಎಂದು ಕರೆದುಕೊಂಡು ಸುಖವಾಗಿದ್ದರು. ಆ ಅಂತರರಾಷ್ಟ್ರ ಔರಾದಿನಿಂದ ಭಾಲ್ಕಿಯವರೆಗೆ ಹಬ್ಬಿತ್ತು.

ಹೀಗಿರುವಾಗ ಗೆಳೆಯರ ಹೊಸ ಲೇಖನವೊಂದು ಬಂತು, ಅದರಲ್ಲಿ ಭಾವನ ಹೆಸರೇ ಇಲ್ಲ! ಗೆಳೆಯರ ಮಗಳ ನಿಶ್ಚಿತಾರ್ಥಕ್ಕೆ ನಾನು ಬರುವುದಿಲ್ಲ ಎಂದು ಭಾವ ಹಟ ಹಿಡಿದರು. ಅಕ್ಕ ಎಳೆದುಕೊಂಡೇ ಹೋದಳು. ಅಲ್ಲಿ ಬೀಗರೆಲ್ಲ ಸಾಲಾಗಿ ಕುಳಿತಿರುವಾಗ, ಊಟದ ಎಲೆಯ ಮುಂದೆಯೇ ಭಾವ ಗೆಳೆಯರ ಮೇಲೆ ಜಗಳ ತೆಗೆದರು.

"ನನ್ನ ಹೆಸರು ಯಾಕ ಬಿಟ್ಟಿ ಹೇಳು."

"ಅಯ್ಯ ಮಾರಾಯ, ಅದು ತೊಗರಿ ಒಣಗಿಸೋ ಸೋಲಾರ್ ಪೆಟ್ಟಿಗಿ ಮ್ಯಾಲ ಬರದದ್ದು. ಅದರಾಗ ನಿನ್ನ ಸಿಲಿಕಾನ್ ಹ್ಯಾಂಗ ತರ್ಲಿ?"

"ನನ್ನ ಸಿಲಿಕಾನಿನಾಗ ನಿನ್ನ ತೊಗರಿ ನಾ ತುರುಕಿಲ್ಲೇನು?"

ಬೀಗರಿಗೆ ಇದು ವರದಕ್ಷಿಣೆಯ ಮಾತೇನೋ ಎಂದು ಗಾಬರಿ! ಗಂಡಿನ ತಂದೆ ಎದ್ದು ನಿಂತು, "ನಮಗ ತೊಗರಿ ಬ್ಯಾಡ್ರಿ, ಏನೂ ಬ್ಯಾಡ್ರಿ, ಹುಡುಗಿ ಕೊಟ್ರ ಸಾಕ್ರಿ," ಎಂದು ಕೈಮುಗಿದರು. ಅಕ್ಕ ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತಳು.

ನಗುವ ಮಾತು ಬಿಡಿ, ಭಾವನಿಗೆ ಇದು ಜೀವದ ಪ್ರಶ್ನೆಯಾಗಿತ್ತು. ನಿವೃತ್ತಿ ಹತ್ತಿರ ಬಂದಿತ್ತು. ಪ್ರೊಫೆಸರ್ ಆಗಲು ಕೊನೆಯ ಸಂದರ್ಶನ ಬರುವ ತಿಂಗಳಿತ್ತು, ಅಲ್ಲಿ ಉಲ್ಲೇಖಗಳನ್ನೇ ಎಣಿಸುತ್ತಾರೆ. ಕಮಠಾಣದಲ್ಲಿ ಅವರ ತಾಯಿ ಎಷ್ಟೋ ವರ್ಷಗಳಿಂದ ಬಂದವರಿಗೆಲ್ಲ "ನನ್ನ ಮಗ ಪ್ರೊಫೆಸರ್ ಆಗ್ಯಾನ" ಎಂದೇ ಹೇಳಿಕೊಂಡು ಬಂದಿದ್ದರು. ಆ ಮಾತು ನಿಜವಾಗಬೇಕೆಂಬುದೊಂದೇ ಭಾವನ ಆಸೆ.

ಆಗ ಬಂತು ನೋಡಿ, ಒಂದು ಬೆಳಗ್ಗೆ ಮೊಬೈಲ್ ಟಿಣ್ ಎಂದಿತು! ಎಲ್ಲೋ ಹೊರದೇಶದ ಒಬ್ಬ ವಿದ್ಯಾರ್ಥಿನಿ ಭಾವನ ಕುಲುಮೆ ಲೇಖನವನ್ನು ಉಲ್ಲೇಖಿಸಿದ್ದಳು. ಆಯಾರದ್ದಲ್ಲ, ಗೆಳೆತನದ್ದಲ್ಲ, ಅಪ್ಪಟ ಹೊರಗಿನ ಉಲ್ಲೇಖ! ಭಾವ ಲುಂಗಿಯಲ್ಲೇ ಓಡಿ ಪೇಢೆ ತಂದು ಓಣಿಗೆಲ್ಲ ಹಂಚಿದರು. ಪಕ್ಕದ ಮನೆಯ ಖಾಲಾ ಪೇಢೆ ಬಾಯಿಗಿಟ್ಟುಕೊಂಡು, "ಮುಬಾರಕ್ ಸಾಬ್! ಪೋತಾ ಹುವಾ ಕ್ಯಾ?" ಅಂದರು. ಮೊಮ್ಮಗನಲ್ಲ, ಸೈಟೇಶನ್ ಆಯಿತು ಎಂದು ಭಾವ ವಿವರಿಸಿದರು. ಖಾಲಾ ಬಹಳ ಅಕ್ಕರೆಯಿಂದ, "ಅಲ್ಲಾ ಉಮರ್ ದೇ ಉಸ್ಕೋ," ಎಂದು ಸೈಟೇಶನ್ನಿಗೆ ದೀರ್ಘಾಯುಷ್ಯ ಹರಸಿದರು.

ಪೇಢೆ ಮುಗಿದ ಮೇಲೆ ಭಾವ ಆ ಲೇಖನ ಓದಿದರು. ಈ ಕ್ರಮ ಉಲ್ಟಾ ಆಗಬೇಕಿತ್ತು. ಅದರಲ್ಲಿದ್ದದ್ದು ಇಷ್ಟು: ಭಾಲ್ಕಿಯ ಈ ಲೇಖಕರು ಹೇಳಿದಂತೆಯೇ ಮಾಡಿದೆವು, ದೊಡ್ಡ ಹರಳುಗಳು ಬರಲೇ ಇಲ್ಲ.

"ಬೈದ್ರೂ ಅಡ್ಡಿಯಿಲ್ಲ," ಅಂದರು ಭಾವ, ಮುಖ ಗಟ್ಟಿ ಮಾಡಿಕೊಂಡು. "ಬೈದದ್ದೂ ಎಣಿಕೀಗಿ ಬರ್ತದ."

"ಬೈದದ್ದೂ ಎಣಸ್ತಾರೇನು?" ಅಂದಳು ಅಕ್ಕ. "ಹಂಗಾದ್ರ ನನ್ನ ಒಬ್ಬಾಕಿ ಕಡಿಂದನೇ ನೀವು ಪ್ರೊಫೆಸರ್ ಆಗಿರಬೇಕಿತ್ತಲ್ರೀ!"

ಎಲ್ಲರೂ ನಕ್ಕೆವು. ಭಾವ ನಗಲಿಲ್ಲ. ಲೇಖನದ ಕೊನೆಯಲ್ಲಿ ಆ ಹುಡುಗಿ, ಬಹುಶಃ ದೋಷ ನಮ್ಮ ಕೈಯಲ್ಲೇ ಇರಬಹುದು ಎಂದು ಬರೆದಿದ್ದಳು. ಭಾವ ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದರು.

ರವಿವಾರ ಭಾಲ್ಕಿಗೆ ಹೋಗಿ ಕುಲುಮೆ ಹೊತ್ತಿಸಿದರು. ದೊಡ್ಡ ಹರಳು ಅವರಿಗೂ ಬರಲಿಲ್ಲ! ಮತ್ತೆ ಹೋದರು, ಮತ್ತೆ ಬರಲಿಲ್ಲ. ಆಮೇಲೆ ಹೊಳೆಯಿತು. ಹಿಂದೆ ಆ ಪ್ರಯೋಗ ಮಾಡಿದ ಕಾಲಕ್ಕೆ ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಕುಲುಮೆ ಒಮ್ಮೆಲೇ ತಣಿಯುತ್ತಿತ್ತು, ಕರೆಂಟು ಬಂದ ಮೇಲೆ ಮತ್ತೆ ಕಾಯುತ್ತಿತ್ತು. ಹರಳು ಹಿಗ್ಗಿದ್ದು ಆ ಏರಿಳಿತದಿಂದಲೇ. ಭಾವ ಅದನ್ನು ಬರೆದಿರಲೇ ಇಲ್ಲ. ಬರೆಯುವುದಾದರೂ ಯಾಕೆ? ಕರೆಂಟು ಹೋಯಿತು ಎಂಬುದನ್ನು ನಮ್ಮಲ್ಲಿ ಯಾರಾದರೂ ಸುದ್ದಿ ಎಂದು ಬರೆಯುತ್ತಾರೆಯೇ! ಈಗ ಕಾಲೇಜಿಗೆ ಹೊಸ ಲೈನು ಬಂದಿದೆ. ಆ ಹುಡುಗಿಯ ಊರಿನಲ್ಲಂತೂ ಕರೆಂಟು ಹೋಗುವುದೇ ಇಲ್ಲ. ಭಾವ ನಡುವೆ ತಾವೇ ಸ್ವಿಚ್ ಆರಿಸಿ ನೋಡಿದರು. ಹೆಬ್ಬೆರಳಷ್ಟು ಹರಳು ಬಂತು.

ಪತ್ರಿಕೆಗೂ ಆ ಹುಡುಗಿಗೂ ತಪ್ಪೊಪ್ಪಿಗೆ ಕಳಿಸಿದರೆ ತಮ್ಮ ಕುಲುಮೆ ಲೇಖನವನ್ನು ಪ್ರೊಫೆಸರ್ ಹುದ್ದೆಯ ಅರ್ಜಿಯಿಂದ ತೆಗೆಯಬೇಕು. ಅವರ ಉಲ್ಲೇಖಗಳಲ್ಲಿ ಹೆಚ್ಚಿನವು ಅದರದೇ. ಔರಾದಿನ ಗೆಳೆಯರು ಸಿಟ್ಟು ಮರೆತು ಬೀದರಿಗೆ ಓಡಿ ಬಂದರು. "ಸಂದರ್ಶನ ಮುಗಿಯೋತನ ಸುಮ್ಮ ಕೂಡೋ. ಆಮ್ಯಾಲ ಬೇಕಾದ್ದು ಬರಿ. ಯಾರಿಗಿ ತಿಳಿತದ?"

"ನನಗ ತಿಳದದಲ್ಲ," ಅಂದರು ಭಾವ. "ಅಲ್ಲೊಬ್ಬಾಕಿ ನನ್ನ ಮಾತು ನಂಬಿ ಕುಲುಮಿ ಮುಂದ ಕುಂತು ಕುಂತು, ತನ್ನ ಕೈಯಾಗೇ ಗುಣ ಇಲ್ಲ ಅಂದ್ಕೊಂಡಾಳ. ಆಕಿಗಿ ತಪ್ಪು ನಿಂದಲ್ಲವ್ವ ಅಂತ ಹೇಳಾಕ ನಾ ಒಂದು ತಿಂಗಳು ಕಾಯ್ಲೇನು?"

ಅಂದೇ ಕಳಿಸಿಬಿಟ್ಟರು. ಉಳಿದ ಲೇಖನಗಳನ್ನಿಟ್ಟುಕೊಂಡು ಸಂದರ್ಶನಕ್ಕೂ ಹೋದರು. ಆಯ್ಕೆಯಾದವರ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಔರಾದಿನ ಗೆಳೆಯರ ಹೆಸರು ಬಂತು, ತೊಗರಿ ಸಮೇತ.

ಆ ದಿನ ಸಂಜೆ ಭಾವ ಕಮಠಾಣಕ್ಕೆ ಹೋಗಿ ತಾಯಿಗೆ ಹೇಳಿಬಂದರು. ಏನೆಂದರೋ, ಆಕೆ ಏನೆಂದರೋ, ನಮಗೆ ಹೇಳಲಿಲ್ಲ. ಬಂದು ಬಾಗಿಲ ಬಳಿ ಕುಳಿತು ಚಪ್ಪಲಿಯ ಪಟ್ಟಿ ಬಿಚ್ಚುತ್ತಲೇ ಇದ್ದರು. ಅಕ್ಕ ನೀರಿನ ತಂಬಿಗೆ ತಂದು ಎದುರಿಗೆ ನಿಂತಳು. ಈಗ ಏನೋ ಒಂದು ಕುಟುಕುತ್ತಾಳೆ ಎಂದು ನಾನು ಕಾದೆ.

"ನಿಮ್ಮಂಥವರ ಹೆಂಡ್ತಿ ಆಗಿದ್ದು ನನಗ ಭಾಳ ಹೆಮ್ಮಿ ಅದರಿ," ಅಂದಳು ಅಕ್ಕ.

ಭಾವ ತಲೆಯೆತ್ತಿದರು. ಕನ್ನಡಕದೊಳಗೆ ಕಣ್ಣು ತುಂಬಿತ್ತು.

"ಇನ್ನೊಮ್ಮಿ ಹೇಳು."

"ಹೋಗ್ರೀ!" ಎಂದು ಅಕ್ಕ ಒಳಗೆ ಹೊರಟಳು. ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ, ನಿಂತು, ತಿರುಗಿ ಬಂದು, ಇನ್ನೊಮ್ಮೆ ಹೇಳಿದಳು.